ಕೆಸರಿಗೆ ಹೆದರಿ ನಾಯಿಯನ್ನು ಮಳೆಗೆ ಕಟ್ಟಬೇಡಿ

ಮಾನ್ಯರೇ,

ಪುನರ್ವಸು ಮಳೆ ಹಿಡಿದು ವಾರವಾಯಿತು. ಮೊನ್ನೆ ನೆಂಟರೊಬ್ಬರ ಮನೆಗೆ ಹೋದಾಗ ಅವರ ನಾಯಿಯನ್ನು ಅಂಗಳದಾಚೆ ಹಲಸಿನ ಮರಕ್ಕೆ ಕಟ್ಟಿದ್ದರು. ಜಡಿಮಳೆಗೆ ನಿಂತು ನಡುಗುತ್ತಿತ್ತು. ಕೇಳಿದರೆ, "ಜಗಲಿಗೆ ಬಿಟ್ರೆ ಕೆಸರು ಒರೆಸಿ ಒರೆಸಿ ಸಾಕಾಗತ್ತೆ" ಅಂದರು. ನಮ್ಮ ಮಲೆನಾಡಿನಲ್ಲಿ ಇಂಥ ಮನೆಗಳು ತುಂಬಾ ಇವೆ. ವರ್ಷವಿಡೀ ತೋಟ ಕಾಯುವ ಪ್ರಾಣಿಗೆ ಮಳೆಗಾಲದಲ್ಲಿ ಒಣ ಜಾಗ ಇಲ್ಲ ಅಂದರೆ ಹೇಗೆ?

ಕೆಸರು ತೆಗೆಯುವುದು ಅಂಥ ದೊಡ್ಡ ಕೆಲಸ ಅಲ್ಲ. ನಮ್ಮ ನಾಯಿ ಕೆಂಚ ದಿನಕ್ಕೆ ನಾಲ್ಕು ಸಲ ತೋಟದ ಕಪ್ಪಿನಲ್ಲಿ, ಅಂದರೆ ನೀರು ಬಸಿಯುವ ಕಾಲುವೆಯಲ್ಲಿ, ಬಿದ್ದೆದ್ದು ಬರುತ್ತಾನೆ. ಮೊದಲ ವರ್ಷ ದಿನಾ ಸ್ನಾನ ಮಾಡಿಸಿದೆ, ನಾವು ಹಚ್ಚಿಕೊಳ್ಳುವ ಸೋಪನ್ನೇ ಹಚ್ಚಿ. ಒಂದೇ ತಿಂಗಳಲ್ಲಿ ಹೊಟ್ಟೆ ಕೆಂಪಾಯಿತು, ಬೆರಳ ಸಂದಿಯಲ್ಲಿ ಹುಣ್ಣಾಯಿತು. ಪಶುವೈದ್ಯರು ನೋಡಿ, ನಮ್ಮ ಚರ್ಮವೇ ಬೇರೆ ಅದರ ಚರ್ಮವೇ ಬೇರೆ, ನಮ್ಮ ಸೋಪು ಅದಕ್ಕೆ ಆಗಿಬರುವುದಿಲ್ಲ ಅಂದರು. ಸಂದಿಯಲ್ಲಿ ನೀರು ನಿಂತದ್ದೇ ಹುಣ್ಣಿಗೆ ಕಾರಣವಂತೆ. ಆ ರಾತ್ರಿಯೆಲ್ಲ ಅವನು ಕಾಲು ನೆಕ್ಕುತ್ತಾ ಕೂತದ್ದು ನನಗೆ ಇನ್ನೂ ಮರೆತಿಲ್ಲ.

ಈಗ ನಾನು ಹಸಿ ಕೆಸರನ್ನು ಉಜ್ಜುವುದೇ ಇಲ್ಲ. ಉಜ್ಜಿದಷ್ಟೂ ಅದು ಕೂದಲ ಬುಡಕ್ಕೆ ಇಳಿಯುತ್ತದೆ. ಒಣಗಿದ ಮೇಲೆ ಬ್ರಷ್ ಆಡಿಸಿದರೆ ಉದುರುತ್ತದೆ. ಆದರೆ ಆಷಾಢದಲ್ಲಿ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ನಾಯಿ ಒಣಗುವುದೆಲ್ಲಿ? ಅದಕ್ಕೆ ಬಚ್ಚಲ ಒಲೆ ಇದೆಯಲ್ಲ. ಒಲೆಯಿಂದ ಎರಡು ಮಾರು ದೂರದಲ್ಲಿ ಗೋಣಿಚೀಲ ಹಾಸಿ ಕೂರಿಸುತ್ತೇನೆ. ಹಳೇ ಪಂಚೆಯಿಂದ ನೀರು ಒತ್ತಿ ತೆಗೆಯುತ್ತೇನೆ. ಅರ್ಧ ಗಂಟೆಯಲ್ಲಿ ಬೆನ್ನಿನ ಕೆಮ್ಮಣ್ಣು ಬಿಳಿಚಿಕೊಂಡು ಬಿರಿಯುತ್ತದೆ. ಕೂದಲು ಹೋದ ದಿಕ್ಕಿಗೇ ಬ್ರಷ್ ಎಳೆದರೆ ಪುಡಿಯೆಲ್ಲ ಗೋಣಿಯ ಮೇಲೆ.

ತೊಳೆಯುವುದು ಕಾಲು ಮತ್ತು ಹೊಟ್ಟೆ ಮಾತ್ರ, ಹಂಡೆಯ ಉಗುರುಬೆಚ್ಚಗಿನ ನೀರಲ್ಲಿ. ಕಿವಿಗೆ ನೀರು ಹೋಗಬಾರದು. ಆಮೇಲೆ ಒಂದೊಂದೇ ಬೆರಳು ಬಿಡಿಸಿ ಒರೆಸಬೇಕು. ಉಂಬಳ (ಜಿಗಣೆ) ಕಚ್ಚಿಕೊಂಡಿರುವುದೂ ಅಲ್ಲೇ. ಕುತ್ತಿಗೆಯ ಬೆಲ್ಟ್ ಬಿಚ್ಚಿ ನೋಡುವುದನ್ನು ಮಾತ್ರ ಯಾರೂ ಮರೆಯಬೇಡಿ. ಒದ್ದೆ ಬೆಲ್ಟಿನ ಅಡಿಯಲ್ಲಿ ಕೆಸರು ಸಿಕ್ಕಿಕೊಂಡು, ಕೂದಲು ಉದುರಿ, ಚರ್ಮ ಹಸಿಹಸಿಯಾಗಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಕೈಯಲ್ಲಿ ಗಾಯ ಇದ್ದರೆ ಗ್ಲೌಸ್ ಹಾಕಿಕೊಳ್ಳಿ. ಇಲಿ ಉಚ್ಚೆ ಸೇರಿದ ಕೆಸರು ನೀರಿನಿಂದ ಇಲಿ ಜ್ವರ ನಮಗೂ ಬರುತ್ತದೆ, ನಾಯಿಗೂ ಬರುತ್ತದೆ. ನಾಯಿಗೆ ಇದರ ಲಸಿಕೆ ಇದೆ, ವರ್ಷ ವರ್ಷ ಹಾಕಿಸಬೇಕು.

ಇನ್ನೊಂದು ಮಾತು ಅಡಿಕೆ ಬೆಳೆಗಾರರಿಗೆ. ಅಡಿಕೆಯ ಕೊಳೆ ರೋಗಕ್ಕೆ ನಾವೆಲ್ಲ ಈಗ ಬೋರ್ಡೋ ದ್ರಾವಣ ಹೊಡೆಸುತ್ತಿದ್ದೇವೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಅಡಿಕೆ ಗೊನೆಗೆ ಹೊಡೆದದ್ದು ಕೆಳಗೂ ತೊಟ್ಟಿಕ್ಕುತ್ತದೆ, ಮರ ಹತ್ತಿ ಹೊಡೆಯುವ ಕೊನೆಗಾರರ ಹಿಂದೆಯೇ ಸುತ್ತುವ ನಾಯಿಯ ಮೈಮೇಲೂ ಬೀಳುತ್ತದೆ. ಮನೆಗೆ ಬಂದು ಅದು ಮಾಡುವ ಮೊದಲ ಕೆಲಸ ಮೈ ನೆಕ್ಕುವುದು. ಮೈಲುತುತ್ತ ಹೊಟ್ಟೆಗೆ ಹೋದರೆ ವಾಂತಿ ಶುರುವಾಗುತ್ತದೆ. ಹೋದ ವರ್ಷ ಕೆಂಚನ ಬೆನ್ನ ಮೇಲೆ ನೀಲಿ ಚುಕ್ಕೆ ಕಂಡ ಮೇಲೇ ನನಗೆ ಇದು ಹೊಳೆದದ್ದು. ಔಷಧಿ ಹೊಡೆಯುವ ದಿನ ಒಣಗಲಿ ಅಂತ ಕಾಯುವ ಹಾಗಿಲ್ಲ. ಅವತ್ತು ನಾಯಿಯನ್ನು ಕೊಟ್ಟಿಗೆಯಲ್ಲೇ ಕಟ್ಟಿಹಾಕಿ. ತಪ್ಪಿಸಿಕೊಂಡು ಹೋಗಿ ಬಂದರೆ, ನೆಕ್ಕುವ ಮೊದಲೇ ಧಾರಾಳ ನೀರು ಹೊಯ್ದು ಮೈಯೆಲ್ಲ ತೊಳೆಯಿರಿ.

ಸಂಪಾದಕರಲ್ಲಿ ನನ್ನದೊಂದು ಕೋರಿಕೆ. ಮಳೆಗಾಲದಲ್ಲಿ ನಿಮ್ಮ ಕೃಷಿ ಪುಟದಲ್ಲಿ ಬೋರ್ಡೋ ಬಗ್ಗೆ ಬರೆಯುವಾಗಲೆಲ್ಲ, ಹೊಡೆಯುವವರು ಕೈಗವಸು ಹಾಕಿಕೊಳ್ಳಿ ಎಂಬುದರ ಪಕ್ಕದಲ್ಲೇ ನಾಯಿಯನ್ನು ಕಟ್ಟಿಹಾಕಿ ಎಂಬ ಒಂದು ಸಾಲನ್ನೂ ದಯವಿಟ್ಟು ಸೇರಿಸಿ.

— ಅಡಿಕೆ ಬೆಳೆಗಾರ್ತಿ, ತೀರ್ಥಹಳ್ಳಿ ತಾಲ್ಲೂಕು