ಹಡ್ಲಿನ ನಾಟಾಕ್ಕೆ ಬೇರೆ ದರ ಬೇಕು

ಮಾನ್ಯ ಸಂಪಾದಕರೇ,

ಕಾಫಿ ತೋಟದ ಏರಿನಲ್ಲಿ ನಿಂತ ಸಿಲ್ವರ್ ಓಕ್ ಇರಲಿ, ಕೆಳಗಿನ ಹಡ್ಲಿನಲ್ಲಿ, ಅಂದರೆ ನೀರು ನಿಲ್ಲುವ ಜೌಗು ತಗ್ಗಿನಲ್ಲಿ, ಬೆಳೆದ ಅಕೇಶಿಯಾ ಇರಲಿ, ನಾಟಾ (ಮರದ ದಿಮ್ಮಿ) ಕಡಿದು ಲಾರಿ ಮುಟ್ಟಿಸುವ ಕೂಲಿ ಮಲೆನಾಡಿನಲ್ಲಿ ಬಹಳ ಕಡೆ ಒಂದೇ: ಸಿಎಫ್‌ಟಿಗೆ (ಘನ ಅಡಿಗೆ) ಇಷ್ಟು. ಮಳೆ ನಿಂತು ಎರಡು ತಿಂಗಳಾದರೂ ಮೊಣಕಾಲುದ್ದ ಕೆಸರಿರುವ ಜಾಗಕ್ಕೆ ಈ ಲೆಕ್ಕ ಹೊಂದುವುದಿಲ್ಲ.

ಅಳತೆಯನ್ನೇ ನೋಡಿ. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಕಾಲು ಸುತ್ತಳತೆಯ ಹಳೇ ಲೆಕ್ಕದಲ್ಲಿ (ಸುತ್ತಳತೆಯ ಕಾಲು ಭಾಗದ ವರ್ಗವನ್ನು ಉದ್ದದಿಂದ ಗುಣಿಸಿದರೆ) 10 ಸಿಎಫ್‌ಟಿ. ನಿಜಕ್ಕೂ ಅದರಲ್ಲಿರುವುದು 12.7. ಸಿಪ್ಪೆ, ಅಂಚು ಕಳೆದು ಹಲಗೆ ಕೊಯ್ಯುವ ವ್ಯಾಪಾರಿಗೆ ಈ ಕಡಿತ ನ್ಯಾಯವೇ. ಆದರೆ ಕೆಸರಿನಲ್ಲಿ ಮೀಟುವವನಿಗೆ ಯಾವ ಕಡಿತವೂ ಇಲ್ಲ. ಹಸಿಯಿದ್ದಾಗ ಆ ದಿಮ್ಮಿ 350 ಕೆ.ಜಿ. ಆಸುಪಾಸು ತೂಗುತ್ತದೆ.

ಕಡಿಯುವುದೂ ಅಲ್ಲಿ ಬೇರೆಯೇ ಕೆಲಸ. ನೀರು ನಿಂತ ನೆಲದಲ್ಲಿ ಬೇರು ಆಳಕ್ಕೆ ಇಳಿದಿರುವುದಿಲ್ಲ. ಅರ್ಧ ಕೊಯ್ದಾಗಲೇ ಮರ ಬುಡಸಮೇತ ಕಿತ್ತುಕೊಂಡು ಬರಬಹುದು. ಬೀಳುವ ಕಡೆ ದಪ್ಪದ ಕಾಲು ಭಾಗದಷ್ಟು ಕಚ್ಚು, ಹಿಂದಿನಿಂದ ಅದಕ್ಕಿಂತ ತುಸು ಮೇಲೆ ಕೊಯ್ತ, ನಡುವೆ ಹತ್ತರಲ್ಲೊಂದು ಪಾಲು ಕೊಯ್ಯದೆ ಬಿಟ್ಟ ಪಟ್ಟಿ. ಮರಕ್ಕೆ ಆ ಪಟ್ಟಿಯೇ ಬಿಜಾಗರಿ. ಗರಗಸದ ಮಿಷನ್ ಶುರು ಮಾಡುವ ಮೊದಲೇ ಹಿಂದಕ್ಕೆ ಓರೆಯಾಗಿ ಓಡಲು ದಾರಿ ಸವರಿ, ಕೊಂಬೆ ಹಾಸಿಟ್ಟಿರಬೇಕು. ಕಾಲು ಹೂತವನು ಓಡಲಾರ. ಬಿದ್ದ ಮರವನ್ನು ತುಂಡು ಮಾಡುವಾಗ ಅಡಿಗೆ ತುಂಡುಮರ ಕೊಡದಿದ್ದರೆ ಚೈನು ಮಣ್ಣು ಕಚ್ಚಿ, ಆ ಕ್ಷಣವೇ ಮೊಂಡಾಗುತ್ತದೆ.

ನಿಜವಾದ ದುಡಿಮೆ ಇರುವುದು ದಿಮ್ಮಿ ಸಾಗಿಸಲು ಕೆಸರಿನ ಮೇಲೆ ಹಾಸುವ ದಾರಿಯಲ್ಲಿ. ಮೊದಲು ಸೊಪ್ಪುಸದೆ, ಅದರ ಮೇಲೆ ಉದ್ದಕ್ಕೆ ಎರಡು ಸಾಲು ಗಳ, ಅದರ ಮೇಲೆ ಅಡ್ಡಡ್ಡಲಾಗಿ ಒತ್ತೊತ್ತಾಗಿ ಗಳ. 15 ಸೆಂ.ಮೀ. ದಪ್ಪದವಾದರೆ 30 ಮೀಟರ್ ದಾರಿಗೆ ಅಡ್ಡಗಳಗಳೇ 200 ಬೇಕು. ಅಮೆರಿಕದ ದಕ್ಷಿಣ ಭಾಗದ ಜೌಗು ಕಾಡುಗಳಲ್ಲೂ ಇದೇ ಉಪಾಯ. ಅಲ್ಲಿ ಹಾಸುವುದು ಯಂತ್ರದ ಕೈ, ಇಲ್ಲಿ ನಾಲ್ಕು ಜನರ ಹೆಗಲು. ಕೆಲಸ ಮುಗಿದ ಮೇಲೆ ಅಷ್ಟನ್ನೂ ಕಿತ್ತು ತೆಗೆಯಬೇಕು, ಇಲ್ಲವಾದರೆ ನೀರಿನ ಹರಿವು ಕಟ್ಟಿ ಪಕ್ಕದವರ ಗದ್ದೆ ಹಾಳು. ಇಷ್ಟಕ್ಕೂ ಸಿಎಫ್‌ಟಿ ದರದಲ್ಲಿ ಒಂದು ಪೈಸೆ ಇಲ್ಲ. ಹಾಗಾಗಿ ಎಷ್ಟೋ ಕಡೆ ದಾರಿ ಹಾಸುವುದೇ ಇಲ್ಲ, ಟ್ರ್ಯಾಕ್ಟರನ್ನು ನೇರ ಇಳಿಸುತ್ತಾರೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. ಆಕ್ಸಲ್‌ವರೆಗೆ ಹೂತ ಮೇಲೆ ರೇಸ್ ಕೊಟ್ಟಷ್ಟೂ ಗುಂಡಿ ಆಳ. ಆಗ ಹಿಂದಿನ ಗಾಲಿಗಳಿಗೆ ಅಡ್ಡಲಾಗಿ ಮರ ಬಿಗಿದು ಮುಂದಕ್ಕೆ ಎಬ್ಬಿಸುವ ಅಭ್ಯಾಸವಿದೆ. ಇದನ್ನು ನಿಲ್ಲಿಸಲೇಬೇಕು. ಗಾಲಿ ತಿರುಗಲಾಗದೆ ಸಿಕ್ಕಿಕೊಂಡರೆ ಗಾಡಿಯೇ ಆಕ್ಸಲ್ ಸುತ್ತ ತಿರುಗಿ, ಮೂತಿ ಮೇಲೆದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಡ್ರೈವರ್ ಮೇಲೆ ಮಗುಚುತ್ತದೆ. ಗಾಲಿಯ ಹಿಂದಿನ ಮಣ್ಣು ಬಗೆದು ರಿವರ್ಸ್‌ನಲ್ಲಿ ತೆಗೆಯಬೇಕು, ಇಲ್ಲವೇ ಇನ್ನೊಂದು ಗಾಡಿಯಿಂದ ಎಳೆಸಬೇಕು. ಗಟ್ಟಿ ನೆಲದಲ್ಲೇ ನಿಂತು ವಿಂಚ್‌ನಿಂದ (ವೈರ್ ರೋಪು ಸುತ್ತಿ ಎಳೆಯುವ ಯಂತ್ರ) ದಿಮ್ಮಿ ಎಳೆದರೆ ಈ ಫಜೀತಿಯೇ ಇಲ್ಲ. ಆದರೆ ದಿಮ್ಮಿಯ ಮುಂತುದಿಯನ್ನು ಸುತ್ತಲೂ ಕೆತ್ತಿ ಮೂತಿ ಮಾಡಿರಬೇಕು. ಚಪ್ಪಟೆ ತುದಿ ನೇಗಿಲಿನಂತೆ ಉಳುತ್ತಾ ಹೋಗಿ ಹೂತುಕೊಳ್ಳುತ್ತದೆ. ಕಪ್ಪಿ ಸುತ್ತಿ ಬಂದ ವೈರ್ ರೋಪಿನ ಒಳಮಗ್ಗುಲಲ್ಲಿ ಯಾರೂ ನಿಲ್ಲಕೂಡದು. ಕಪ್ಪಿಯ ಕಟ್ಟು ಕಿತ್ತರೆ ರೋಪು ಬೀಸುವುದು ಆ ಕಡೆಗೇ.

ಹಡ್ಲಿನ ಮರ ಜನವರಿಯಿಂದ ಏಪ್ರಿಲ್ ನಡುಮಧ್ಯದೊಳಗೆ ಹೊರಬೀಳಬೇಕು. ಮುಂಗಾರಿನ ಹೊಸ್ತಿಲಲ್ಲಿ ಮರ ಕಡಿಯುವ ಪರ್ಮಿಟ್ ಕೈಗೆ ಬಂದರೆ ಮಾಲೀಕರಿಗೆ ಅವಸರ, ಕೆಲಸದವರಿಗೆ ಅಪಾಯ, ಊರಿನ ರಸ್ತೆಗೆ ಗುಂಡಿ.

ತೋಟದ ಮಾಲೀಕರು, ಟಿಂಬರ್ ವ್ಯಾಪಾರಿಗಳು ಕರಾರಿನಲ್ಲಿ ಎರಡು ಸಾಲು ಸೇರಿಸಲಿ: ದಾರಿ ಹಾಸಿ ತೆಗೆಯುವುದಕ್ಕೆ ಮೀಟರ್ ಲೆಕ್ಕದಲ್ಲಿ ಪ್ರತ್ಯೇಕ ಕೂಲಿ, ಮತ್ತು ಕೆಲಸ ಶುರುವಾಗುವ ಮೊದಲೇ ಎಲ್ಲರಿಗೂ ವಿಮೆ. ಮರ ಕಡಿಯುವ ಕೆಲಸ ಕಾರ್ಮಿಕ ಪರಿಹಾರ ಕಾನೂನಿನ ಪಟ್ಟಿಯಲ್ಲೇ ಇದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ ಪರಿಹಾರ ಕೇಳುವುದು ಹೇಗೆ?

— ನಾಟಾ ಕೆಲಸದ ಮೇಸ್ತ್ರಿಗಳು, ಮೂಡಿಗೆರೆ ತಾಲ್ಲೂಕು