ಬೋಟು ಬರುವ ತನಕ

ಜಮಖಂಡಿ ತಾಲೂಕಿನ ಹೊಳೆದಂಡೆಯಿಂದ

ದೋಸ್ತ,

ಲಕ್ಷದ್ವೀಪದ ಆಸ್ಪತ್ರೆಯಿಂದ ನೀನು ಬರೆದ ಪತ್ರ ಮುಟ್ಟಿತು. ತೆಂಗಿನ ಮರದಿಂದ ಬಿದ್ದ ಆ ಹುಡುಗನ ಸುದ್ದಿ ಓದಿ ಎರಡು ದಿನ ಬೇರೆ ಏನೂ ತಲೆಗೆ ಹತ್ತಲಿಲ್ಲ. ನಿಮ್ಮ ಕವರತ್ತಿ ದ್ವೀಪದಿಂದ ಕೊಚ್ಚಿಗೆ ಸುಮಾರು 400 ಕಿ.ಮೀ. ಅಂತ ಗೊತ್ತಿತ್ತು. ಬೆನ್ನಿಗೆ ಪೆಟ್ಟಾದವನನ್ನು ಅಷ್ಟು ಕಡಲು ದಾಟಿಸುವುದು ಅಂದರೇನು ಅಂತ ಈಗ ಗೊತ್ತಾಯಿತು. ಹಿಮ್ಮಡಿ ಮುರಿದುಕೊಂಡು ಬಂದವನ ಬೆನ್ನನ್ನೂ ನೋಡಲೇಬೇಕು, ಮೇಲಿಂದ ಬಿದ್ದವರಲ್ಲಿ ಕೆಲವೊಮ್ಮೆ ಎರಡೂ ಒಟ್ಟಿಗೆ ಹೋಗಿರುತ್ತವೆ ಅಂತ ಬರೆದಿದ್ದೀಯಲ್ಲ, ಅದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ನಮ್ಮ ಕಡೆಯ ಗಾಯಗಳು ನಿನಗೆ ಗೊತ್ತೇ ಇವೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದೆ ನಿಂತ ಟ್ರೇಲರಿಗೆ ಬೈಕು ಗುದ್ದುವುದು, ಕಡಿಯುವವರ ಕಾಲಿಗೆ ಕೊಯ್ತ ತಾಗುವುದು, ಹಾವು. ಆದರೆ ರಸ್ತೆ ಇದೆ, 108 ಇದೆ. ಹೊಳೆ ಬಂದು ರಸ್ತೆ ಮುಳುಗಿದ ದಿನ ಮಾತ್ರ ನಾವೂ ನಿಮ್ಮಂತೆಯೇ.

2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಾಗ ಕಾಕಾ ಎಮ್ಮೆ ಬಿಚ್ಚಲು ಹೋಗಿದ್ದ. ನೆನೆದ ಮಣ್ಣಿನ ಗೋಡೆ ಸೊಂಟದ ಮೇಲೆ ಬಿತ್ತು. ನಾವು ಹೊರಸು ತಂದೆವು. ನೀನು ಫೋನಿನಲ್ಲೇ ಕೂಗಿದೆ: "ಹೊರಸು ಬ್ಯಾಡ, ಅದು ಜೋಲತೈತಿ. ಬಾಗಲಾ ಕಿತ್ತು ಅದರ ಮ್ಯಾಲ ಮಲಗಸ್ರಿ. ಮೈ ತಿರುವಬ್ಯಾಡ್ರಿ, ನಾಕು ಮಂದಿ ಒಮ್ಮೆಲೆ ಎತ್ರಿ." ಹಾಗೇ ಮಾಡಿದೆವು. ಬೋಟು ಕಣ್ಣೆದುರಿಗೇ ಇತ್ತು. ಮೇಲಿನವರ ಫೋನು ಬರದೆ ಬಿಡುವಂತಿಲ್ಲ ಅಂದರು. ಎರಡು ತಾಸು ಕಾಯ್ದೆವು. ಕಾಕಾನ ತುಟಿ ಬೆಳ್ಳಗಾಗುವುದನ್ನು ನೋಡುತ್ತ ನಿಂತ ಆ ಎರಡು ತಾಸು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಸೊಂಟದ ಎಲುಬು ಮುರಿದರೆ ರಕ್ತ ಒಳಗೇ ಸೋರುತ್ತದೆ, ಹೊರಗೆ ಹನಿಯೂ ಕಾಣುವುದಿಲ್ಲ ಅಂತ ಆಮೇಲೆ ತಿಳಿಯಿತು. ಬದುಕಿದ. ಎಡಗಾಲು ಎಳೆಯುತ್ತಾನೆ.

ಅದಕ್ಕೇ ನಿಮ್ಮಲ್ಲಿಯ 2021ರ ಆ ಆದೇಶ ನನ್ನ ಮನಸ್ಸಿನಲ್ಲಿ ನಾಟಿದೆ. ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಕಳಿಸಬೇಕೋ ಬೇಡವೋ ಅನ್ನುವುದನ್ನು ನಾಲ್ಕು ಮಂದಿಯ ಸಮಿತಿಗೆ ಒಪ್ಪಿಸಿದ್ದರು. ಕೇರಳ ಹೈಕೋರ್ಟಿನ ತನಕ ಮಾತು ಹೋಯಿತು. ಜನ ವಾಸವಿರುವ ದ್ವೀಪಗಳು 10, ವಿಮಾನ ಇಳಿಯುವುದು ಅಗತ್ತಿಯಲ್ಲಿ ಮಾತ್ರ. ಒಂದೇ ಹೊತ್ತಿಗೆ ಎರಡು ಕಡೆಯಿಂದ ಕರೆ ಬಂದರೆ ಯಾರಾದರೂ ತೂಗಿ ನೋಡಲೇಬೇಕು, ಒಪ್ಪುತ್ತೇನೆ. ಆದರೆ ನಾಡಿ ಹಿಡಿದು ಕೂತ ಡಾಕ್ಟರ ಮಾತಿಗೆ ಹೆಲಿಕಾಪ್ಟರು ಮೊದಲು ಹೊರಡಬೇಕು. ಕಾಗದ ಹಿಂದಿನಿಂದ ಬರಲಿ.

ಪೆಟ್ಟಾಗಿ ಬಂದವರ ಲೆಕ್ಕ ಬರೆಯುವ ನಿನ್ನ ನೋಟುಬುಕ್ಕು ಬಿಡಬೇಡ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು. ಮರದಿಂದ ಬಿದ್ದವರನ್ನು ನೀನಾದರೂ ಎಣಿಸು. ಬಿದ್ದದ್ದು ಎಷ್ಟು ಗಂಟೆಗೆ, ನೀನು ಕರೆ ಮಾಡಿದ್ದು ಎಷ್ಟಕ್ಕೆ, ಹೆಲಿಕಾಪ್ಟರು ಇಳಿದದ್ದು ಎಷ್ಟಕ್ಕೆ, ಮೂರನ್ನೂ ಬರೆದಿಡು.

ಮತ್ತೊಂದು ಕೆಲಸ. ಬೆನ್ನಿಗೆ ಪೆಟ್ಟಾದವರನ್ನು ಎತ್ತುವ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಕಳಿಸು. ಹೊಳೆ ಏರುವುದರೊಳಗೆ ಪಂಚಾಯ್ತಿ ಗೋಡೆಗೆ ಹಚ್ಚಿಸುತ್ತೇನೆ. ಕಾಕಾ ನಿನ್ನನ್ನು ಕೇಳಿದ್ದಾನೆ.

ನಿನ್ನ ಗೆಳೆಯ