ಯಾನದ ನಡುವೆಯೇ ಮುಂದಿನ ಕ್ರೂಸ್ ಬುಕಿಂಗ್: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಹಡಗಿನಲ್ಲಿರುವಾಗಲೇ ಮುಂದಿನ ಯಾನವನ್ನು ಕಾಯ್ದಿರಿಸುವವರಿಗೆ ಹಲವು ಕಂಪನಿಗಳು ಆನ್‌ಬೋರ್ಡ್ ಕ್ರೆಡಿಟ್ (ಹಡಗಿನಲ್ಲಿನ ಖರ್ಚಿಗೆ ಬಳಸಬಹುದಾದ ಮೊತ್ತ) ಕೊಡುತ್ತವೆ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಇದಕ್ಕೆಂದೇ ‘ನೆಕ್ಸ್ಟ್‌ಕ್ರೂಸ್’ ಕೌಂಟರ್ ಇದೆ. ಮೊತ್ತವು ಸಾಮಾನ್ಯವಾಗಿ ರಾತ್ರಿಗಳ ಸಂಖ್ಯೆ ಹಾಗೂ ಕ್ಯಾಬಿನ್ ದರ್ಜೆಯನ್ನು ಅವಲಂಬಿಸಿರುತ್ತದೆ. ಆದರೆ ಕ್ರೆಡಿಟ್‌ಗಿಂತ ಮುಖ್ಯವಾದದ್ದು ಮುಂಗಡದ ಷರತ್ತು: ಕಡಿಮೆ ದರದ ಟಿಕೆಟ್‌ಗಳಲ್ಲಿ ಮುಂಗಡ ಮರಳಿ ಬಾರದಿರುವುದು ಸಾಮಾನ್ಯವಾದ್ದರಿಂದ, ದೃಢೀಕರಣ ಪತ್ರದಲ್ಲಿ ಮುಂಗಡದ ಬಗೆ, ಕ್ರೆಡಿಟ್‌ನ ಮೊತ್ತ, ಅದು ತಲೆಗೋ ಕ್ಯಾಬಿನ್‌ಗೋ ಎಂಬ ಮೂರನ್ನೂ ಓದಿಯೇ ಹಣ ಕಟ್ಟಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಕೊನೆಯ ದಿನ ಸರತಿ ಉದ್ದವಿರುತ್ತದೆ, ಮೊದಲೇ ಹೋಗಿ. ತಮ್ಮ ಟ್ರಾವೆಲ್ ಏಜೆಂಟರ ಮೂಲಕವೇ ವ್ಯವಹರಿಸುವವರು ಬುಕಿಂಗನ್ನು ಅವರಿಗೆ ವರ್ಗಾಯಿಸಲು ಎಷ್ಟು ದಿನಗಳ ಅವಕಾಶವಿದೆಯೆಂದು ಅಲ್ಲಿಯೇ ವಿಚಾರಿಸಿಕೊಳ್ಳಬೇಕು. ಅವಧಿ ಮೀರಿದರೆ ವರ್ಗಾವಣೆ ಕಷ್ಟ.